ವಿಕ್ರಾಂತ್ ಹಡಗನ್ನು ಉಳಿಸಿದ್ದು ಯಾರು? ‘ನೈಜ ಘಟನೆ’ಯ ಗೂಢಚಾರ ಸಿನಿಮಾಗಳು ಹೇಳುವುದು, ಬಿಡುವುದು

1971ರ ಯುದ್ಧದ ಹೊತ್ತಿಗೆ ಭಾರತದ ಬಳಿ ಇದ್ದದ್ದು ಒಂದೇ ಒಂದು ವಿಮಾನವಾಹಕ ಹಡಗು, ಐಎನ್‌ಎಸ್ ವಿಕ್ರಾಂತ್. ಅದನ್ನು ಹುಡುಕಿ ಮುಳುಗಿಸಲು ಪಾಕಿಸ್ತಾನ ‘ಘಾಜಿ’ ಎಂಬ ಜಲಾಂತರ್ಗಾಮಿಯನ್ನು ಬಂಗಾಳ ಕೊಲ್ಲಿಗೆ ಕಳಿಸಿತು. ಡಿಸೆಂಬರ್ 3ರ ರಾತ್ರಿ ಕಳೆದು 4ರ ಬೆಳಗಾಗುವಷ್ಟರಲ್ಲಿ ಘಾಜಿಯೇ ವಿಶಾಖಪಟ್ಟಣದ ಹತ್ತಿರ ಸಮುದ್ರದ ತಳ ಸೇರಿತ್ತು. ಒಳಗಿದ್ದ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಬದುಕಲಿಲ್ಲ.

ಹಾಗಾದರೆ ವಿಕ್ರಾಂತ್ ಉಳಿದದ್ದು ಯಾರಿಂದ?

2018ರಲ್ಲಿ ಬಂದ ‘ರಾಝಿ’ ನೋಡಿದವರ ಉತ್ತರ ಒಂದು. ಕಾಶ್ಮೀರದ ಕಾಲೇಜು ಹುಡುಗಿಯೊಬ್ಬಳು ಪಾಕಿಸ್ತಾನದ ಸೇನಾಧಿಕಾರಿಯ ಮನೆಗೆ ಸೊಸೆಯಾಗಿ ಹೋಗುತ್ತಾಳೆ. ಮಾವನ ಕಾಗದಪತ್ರ ಕದ್ದು ನೋಡಿ ಸುದ್ದಿ ಕಳಿಸುತ್ತಾಳೆ. ಅದರಿಂದ ಹಡಗು ಉಳಿಯುತ್ತದೆ. 2017ರ ‘ದಿ ಘಾಜಿ ಅಟ್ಯಾಕ್’ ನೋಡಿದವರ ಉತ್ತರ ಬೇರೆ. ಎಸ್21 ಎಂಬ ಭಾರತದ ಜಲಾಂತರ್ಗಾಮಿ ನೀರಿನಡಿ ಘಾಜಿಯ ಜೊತೆ ಮುಖಾಮುಖಿ ಹೋರಾಡಿ ಅದನ್ನು ಹೊಡೆಯುತ್ತದೆ. ಎರಡೂ ಹಿಟ್ ಚಿತ್ರಗಳು. ಎರಡೂ ‘ನಿಜವಾಗಿ ನಡೆದದ್ದು’ ಎಂಬ ನಂಬಿಕೆಯ ಮೇಲೆ ಓಡಿದವು. ಒಂದೇ ಹಡಗನ್ನು ಎರಡು ಬೇರೆ ಬೇರೆ ಕೈಗಳು ಉಳಿಸಿವೆ. ಇದನ್ನು ಯಾರೂ ಜಾಸ್ತಿ ಗಮನಿಸಿದಂತಿಲ್ಲ.

ಮೂರನೇ ಕಥೆಯೊಂದಿದೆ. ಆಗ ಪೂರ್ವ ನೌಕಾ ಕಮಾಂಡ್‌ನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ತಮ್ಮ ಆತ್ಮಕಥೆಯಲ್ಲಿ ಬರೆದದ್ದು ಅದು. ಒಂದು ದಿನ ಪಾಕಿಸ್ತಾನದ ನೌಕಾಪಡೆಯ ರೇಡಿಯೋ ಸಂದೇಶವೊಂದು ನಮ್ಮವರ ಕೈಗೆ ಸಿಕ್ಕಿತು. ಅದರಲ್ಲಿ ಇದ್ದದ್ದು ಆಗಿನ ಪೂರ್ವ ಪಾಕಿಸ್ತಾನದ ಚಿತ್ತಗಾಂಗ್‌ನಲ್ಲಿ ಒಂದು ಬಗೆಯ ಲೂಬ್ರಿಕೇಟಿಂಗ್ ಎಣ್ಣೆ ಸಿಗುತ್ತದೆಯೇ ಎಂಬ ವಿಚಾರಣೆ. ಅಂಥ ಎಣ್ಣೆ ಬೇಕಾಗುವುದು ಜಲಾಂತರ್ಗಾಮಿಯಂಥ ಕೆಲವೇ ನೌಕೆಗಳಿಗೆ. ಅಲ್ಲಿಗೆ ಘಾಜಿ ಈ ಕಡೆ ಬಂದಿದೆ ಎನ್ನುವುದು ಖಾತ್ರಿಯಾಯಿತು.

ಕೃಷ್ಣನ್ ವಿಕ್ರಾಂತ್ ಹಡಗನ್ನು ಸದ್ದಿಲ್ಲದೆ ಅಂಡಮಾನ್ ಕಡೆಗೆ ಕಳಿಸಿದರು. ಆಮೇಲೆ ಅದು ವಿಶಾಖಪಟ್ಟಣದ ಹತ್ತಿರವೇ ಇದೆ ಎಂದು ತೋರಿಸುವ ಕೆಲಸ ಶುರುವಾಯಿತು. ಊರಿನ ಗುತ್ತಿಗೆದಾರರಿಗೆ ರಾಶಿ ರಾಶಿ ಮಾಂಸ, ತರಕಾರಿಗೆ ಆರ್ಡರ್ ಹೋಯಿತು. ದೊಡ್ಡ ಹಡಗು ಬಂದಿದೆಯಂತೆ ಅನ್ನುವ ಮಾತು ಮಾರುಕಟ್ಟೆಯಲ್ಲಿ ಹರಡಲಿ, ಅಲ್ಲಿಂದ ಬೇಹುಗಾರರ ಕಿವಿಗೂ ಬೀಳಲಿ ಅಂತ. ನಿವೃತ್ತಿಗೆ ಹತ್ತಿರವಾಗಿದ್ದ ಐಎನ್‌ಎಸ್ ರಜಪೂತ್ ಎಂಬ ಹಳೆಯ ಹಡಗು ಸಮುದ್ರಕ್ಕಿಳಿದು, ವಿಕ್ರಾಂತ್ ಗಾತ್ರದ ಹಡಗು ಕಳಿಸುವಷ್ಟು ರೇಡಿಯೋ ಸಂದೇಶಗಳನ್ನು ಕಳಿಸತೊಡಗಿತು. ಇದೆಲ್ಲಕ್ಕಿಂತ ಸೊಗಸಾದದ್ದು ಒಂದು ತಂತಿ. ವಿಕ್ರಾಂತ್‌ನ ನಾವಿಕನೊಬ್ಬ ‘ಅಮ್ಮನಿಗೆ ತುಂಬಾ ಹುಷಾರಿಲ್ಲವಂತೆ, ಹೇಗಿದ್ದಾರೆ’ ಎಂದು ಕೇಳಿದಂತೆ ಮಾಡಿದ ತಂತಿ ಅದು. ಸಂಕೇತ ಭಾಷೆಯಿಲ್ಲದೆ, ಯಾರು ಬೇಕಾದರೂ ಓದುವಂತೆ ಬೇಕಂತಲೇ ಕಳಿಸಿದ್ದು.

ಘಾಜಿ ನಂಬಿತು. ವಿಕ್ರಾಂತ್ ಇಲ್ಲದ ಬಂದರಿಗೆ ಬಂತು. ರಜಪೂತ್ ಹಾಕಿದ ಸಿಡಿಗುಂಡುಗಳಿಂದ ಅದು ಮುಳುಗಿತು ಎನ್ನುವುದು ನಮ್ಮ ನೌಕಾಪಡೆಯ ನಿಲುವು. ಒಳಗೇ ಆದ ಸ್ಫೋಟ ಅಥವಾ ಅದು ತಾನೇ ಹಾಕುತ್ತಿದ್ದ ಸಮುದ್ರ ಮೈನು ಕಾರಣ ಎನ್ನುವುದು ಪಾಕಿಸ್ತಾನದ ವಾದ. ಈ ಜಗಳ ಇನ್ನೂ ಮುಗಿದಿಲ್ಲ. ಆದರೆ ವಿಕ್ರಾಂತ್ ಉಳಿದ ಕಥೆಯಲ್ಲಿ ಎಣ್ಣೆ, ಮಾಂಸ, ತರಕಾರಿ ಮತ್ತು ಅಮ್ಮನ ಕಾಯಿಲೆ ಇದ್ದವು ಎನ್ನುವುದನ್ನು ಹೇಳಿದವರು ಆ ಆಟ ಹೂಡಿದ ಮನುಷ್ಯ.

ಬೇಹುಗಾರಿಕೆ ಎಂದರೆ ಬಹುಪಾಲು ಇದೇ. ಕಾಗದ, ಕಾಯುವುದು, ಎದುರಾಳಿ ಏನು ಯೋಚಿಸುತ್ತಾನೆ ಎಂದು ಯೋಚಿಸುವುದು. ಸಿನಿಮಾಕ್ಕೆ ಇದು ಕಷ್ಟದ ಸರಕು ಅಂತ ನಾವು ಸುಲಭವಾಗಿ ಒಪ್ಪಿಬಿಡುತ್ತೇವೆ. ನನಗೇನೋ ಹಾಗೆ ಅನ್ನಿಸುವುದಿಲ್ಲ. ಸುಳ್ಳು ತಂತಿ ಬರೆಯಲು ಕೂತ ಅಧಿಕಾರಿಗಳು ‘ಅಮ್ಮನಿಗೆ ಹುಷಾರಿಲ್ಲ ಅಂತ ಹಾಕೋಣ’ ಎಂದು ನಿರ್ಧರಿಸುವ ಕೋಣೆ ಯಾವ ಟಾರ್ಪೆಡೊಗಿಂತ ಕಡಿಮೆ ರೋಚಕ? ಆದರೆ ಅಲ್ಲಿ ಹೀರೋ ಇಲ್ಲ. ಒಂದು ಕಚೇರಿ ಇದೆ, ಅಷ್ಟೇ. ಸಮಸ್ಯೆ ಇರುವುದು ಅಲ್ಲಿ.

ಈ ಚಿತ್ರಗಳ ಬಗ್ಗೆ ವಾದ ಮಾಡುವಾಗ ನಾವು ತಪ್ಪು ಜಾಗದಲ್ಲಿ ಸುಳ್ಳು ಹುಡುಕುತ್ತೇವೆ. ನಾಯಕ ಒಬ್ಬನೇ ಇಪ್ಪತ್ತು ಜನರನ್ನು ಬಡಿದುಹಾಕಿದರೆ ಯಾರೂ ಅದನ್ನು ಇತಿಹಾಸ ಅಂತ ಮನೆಗೆ ಒಯ್ಯುವುದಿಲ್ಲ. ಅದು ಸಿನಿಮಾ ಅಂತ ಎಲ್ಲರಿಗೂ ಗೊತ್ತು. ಪ್ರೇಕ್ಷಕ ಮನೆಗೆ ಒಯ್ಯುವುದು ಕಾರಣವನ್ನು. ಕೆಲಸ ಆದದ್ದು ಯಾರಿಂದ, ಯಾವುದರಿಂದ ಎಂಬುದನ್ನು. ಆ ಕಾಲದ ಕಾರು, ಪಿಸ್ತೂಲು, ಗೋಡೆಯ ಪೋಸ್ಟರು, ಸಿಗರೇಟಿನ ಪ್ಯಾಕು ಎಲ್ಲ ಸರಿಯಾಗಿದ್ದರೆ ಕಾರಣವೂ ಸರಿಯಿರಬೇಕು ಎಂದು ನಂಬಿಬಿಡುತ್ತೇವೆ.

ಹಾಲಿವುಡ್‌ನಲ್ಲಿ ಇದಕ್ಕೆ ‘ಆರ್ಗೋ’ ಒಳ್ಳೆಯ ಉದಾಹರಣೆ. 1979ರ ನವೆಂಬರ್ 4ರಂದು ಟೆಹರಾನ್‌ನ ಅಮೆರಿಕ ರಾಯಭಾರ ಕಚೇರಿಗೆ ಜನ ನುಗ್ಗಿದಾಗ ಆರು ಮಂದಿ ತಪ್ಪಿಸಿಕೊಂಡರು. ಅವರನ್ನು ಸುಮಾರು ಮೂರು ತಿಂಗಳು ಬಚ್ಚಿಟ್ಟದ್ದು ಕೆನಡಾದ ರಾಯಭಾರಿ ಕೆನ್ ಟೇಲರ್ ಮತ್ತು ಅವರ ಸಹೋದ್ಯೋಗಿ ಜಾನ್ ಶಿಯರ್ಡೌನ್. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಟೋನಿ ಮೆಂಡೆಜ್ ಒಂದು ಸುಳ್ಳು ಸಿನಿಮಾ ಕಂಪನಿ ಕಟ್ಟಿ, ಲೊಕೇಶನ್ ನೋಡಲು ಬಂದ ಕೆನಡಾದ ಚಿತ್ರತಂಡ ಎಂಬ ವೇಷದಲ್ಲಿ ಅವರನ್ನು 1980ರ ಜನವರಿ ಕೊನೆಗೆ ಹೊರಗೆ ತಂದರು. ಇಷ್ಟೆಲ್ಲ ನಿಜ. 2012ರ ಚಿತ್ರದ ಕ್ಲೈಮ್ಯಾಕ್ಸ್‌ನಲ್ಲಿ ರನ್‌ವೇ ಮೇಲೆ ಬಂದೂಕು ಹಿಡಿದವರ ಜೀಪು ವಿಮಾನವನ್ನು ಅಟ್ಟಿಸಿಕೊಂಡು ಬರುತ್ತದಲ್ಲ, ಅದು ಮಾತ್ರ ಪೂರಾ ಸುಳ್ಳು. ಆ ದಿನ ಆದದ್ದು ಇಷ್ಟೇ: ಸ್ವಿಸ್‌ಏರ್ ವಿಮಾನದಲ್ಲಿ ಸಣ್ಣ ತೊಂದರೆ ಕಾಣಿಸಿಕೊಂಡು ಹೊರಡುವುದು ತಡವಾಯಿತು.

ನಿಜಕ್ಕೂ ಎದೆ ನಿಲ್ಲಿಸುವ ಸಂಗತಿ ಬೇರೆಯದೇ ಇತ್ತು. ಅವರಿಗಾಗಿ ತಯಾರಾದ ನಕಲಿ ವೀಸಾಗಳಲ್ಲಿ ಇರಾನಿ ಪಂಚಾಂಗದ ತಾರೀಕು ತಪ್ಪಾಗಿತ್ತು. ನಮ್ಮ ಯುಗಾದಿಯ ಹಾಗೆ ಅವರ ಹೊಸ ವರ್ಷವೂ ಮಾರ್ಚ್‌ ಹೊತ್ತಿಗೆ ಬರುತ್ತದೆ. ಲೆಕ್ಕ ಹಾಕಿದವರು ಅಲ್ಲಿ ಎಡವಿದ್ದರು. ಫಾರ್ಸಿ ಬಲ್ಲ ಕೆನಡಾದ ಸಿಬ್ಬಂದಿಯೊಬ್ಬರ ಕಣ್ಣಿಗೆ ಅದು ಬಿತ್ತು, ತಿದ್ದಿದರು, ಆರು ಜೀವ ಉಳಿಯಿತು.

ಅಟ್ಟಿಸಿಕೊಂಡು ಬಂದ ಜೀಪನ್ನು ಯಾರೂ ದೊಡ್ಡದು ಮಾಡಲಿಲ್ಲ. ಜಗಳ ಆದದ್ದು ಶ್ರೇಯದ ಬಗ್ಗೆ. ಚಿತ್ರದಲ್ಲಿ ಕೆನಡಾದವರು ಊಟ ಹಾಕಿ ಮನೆಯಲ್ಲಿಟ್ಟುಕೊಂಡ ಒಳ್ಳೆಯ ಜನ, ಅಷ್ಟೇ. ಮೊದಲ ಪ್ರದರ್ಶನದ ನಂತರ ಟೇಲರ್ ಬೇಸರಪಟ್ಟಿದ್ದರಿಂದ ಕೊನೆಯಲ್ಲಿ ಬರುವ ಬರಹವನ್ನು ನಿರ್ದೇಶಕ ಬೆನ್ ಅಫ್ಲೆಕ್ ಬದಲಿಸಬೇಕಾಯಿತು. ಘಟನೆ ನಡೆದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 2013ರಲ್ಲಿ ಟಿವಿ ಸಂದರ್ಶನದಲ್ಲಿ, ಆ ಕೆಲಸದಲ್ಲಿ ಶೇ. 90ರಷ್ಟು ಪಾಲು ಕೆನಡಾದ್ದು ಎಂದರು. ನ್ಯೂಜಿಲೆಂಡ್‌ನ ರಾಯಭಾರಿಗಳು ಆ ಆರು ಜನರನ್ನು ವಾಪಸ್ ಕಳಿಸಿದರು ಎಂದು ಚಿತ್ರದಲ್ಲಿ ಬರುವ ಒಂದು ಸಾಲಿನ ಮಾತಿಗೆ ಆ ದೇಶದ ಸಂಸತ್ತು ಬೇಸರದ ನಿರ್ಣಯವನ್ನೇ ಮಾಡಿತು. ಹೀಗೆ ಜಗಳವಾಡಲು ಅವರಿಗೆ ಆಧಾರ ಇತ್ತು, ಏಕೆಂದರೆ ಸಿಐಎ ಈ ಕಾರ್ಯಾಚರಣೆಯ ವಿವರವನ್ನು 1997ರಲ್ಲೇ ಹೊರಗೆ ಬಿಟ್ಟಿತ್ತು. ಚಿತ್ರ ಬಂದದ್ದು ಅದಾಗಿ ಹದಿನೈದು ವರ್ಷಕ್ಕೆ. ಈ ಅಂಶಕ್ಕೆ ಮತ್ತೆ ಬರುತ್ತೇನೆ.

ಕಾರಣ ಬದಲಾದರೆ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಅದೇ ವರ್ಷದ ‘ಝೀರೋ ಡಾರ್ಕ್ ಥರ್ಟಿ’ ನೋಡಬೇಕು. ಬಿನ್ ಲಾಡೆನ್ ಬೇಟೆಯ ಚಿತ್ರ. ಶುರುವಾಗುವುದು ಕಪ್ಪು ಪರದೆಯಿಂದ. ಪರದೆಯ ಮೇಲೆ ಏನೂ ಇಲ್ಲ, 2001ರ ಸೆಪ್ಟೆಂಬರ್ 11ರಂದು ಸಾಯುತ್ತಿದ್ದವರ ನಿಜವಾದ ಫೋನ್ ಕರೆಗಳು ಮಾತ್ರ ಕೇಳುತ್ತವೆ. ಆಮೇಲೆ ನೇರ ಚಿತ್ರಹಿಂಸೆಯ ಕೋಣೆ. ಅಲ್ಲಿಂದ ಸುಳಿವು, ಸುಳಿವಿನಿಂದ ಬಿನ್ ಲಾಡೆನ್ ಅಡಗಿದ್ದ ಪಾಕಿಸ್ತಾನದ ಅಬೋಟಾಬಾದ್. ಚಿತ್ರಹಿಂಸೆಯಿಂದಲೇ ಬಿನ್ ಲಾಡೆನ್ ಸಿಕ್ಕ ಎಂದು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ದೃಶ್ಯಗಳ ಸಾಲು ಅದನ್ನು ಹೇಳುತ್ತದೆ. ಸೆನೆಟರ್‌ಗಳಾದ ಫೈನ್‌ಸ್ಟೈನ್, ಲೆವಿನ್, ಮೆಕೇನ್ ಇದು ದಾರಿತಪ್ಪಿಸುವ ಚಿತ್ರ ಎಂದು ನಿರ್ಮಾಣ ಸಂಸ್ಥೆಗೆ ಪತ್ರ ಬರೆದರು. 2014ರ ಡಿಸೆಂಬರ್‌ನಲ್ಲಿ ಬಂದ ಸೆನೆಟ್ ಸಮಿತಿಯ ವರದಿ ಇನ್ನೂ ಸ್ಪಷ್ಟವಾಗಿತ್ತು. ಬಿನ್ ಲಾಡೆನ್‌ನ ಸುಳಿವು ಸಿಗಲು ಕಾರಣನಾದ ಅವನ ಸಂದೇಶವಾಹಕನ ಬಗ್ಗೆ ಅತ್ಯಂತ ಸರಿಯಾದ ಮಾಹಿತಿ ಕೊಟ್ಟ ಬಂದಿ ಅದನ್ನು ಕೊಟ್ಟದ್ದು ಹಿಂಸೆ ಶುರುವಾಗುವ ಮುಂಚೆ. ಸಿಐಎ ಆ ವರದಿಯನ್ನು ಒಪ್ಪಲಿಲ್ಲ.

ಈ ಚಿತ್ರಕ್ಕೆ ಸಿಐಎ ನೆರವು ಕೊಟ್ಟಿತ್ತು. ಆಮೇಲೆ ಹೊರಬಂದ ದಾಖಲೆಯಿಂದ ಗೊತ್ತಾದದ್ದು ಏನೆಂದರೆ, ಚಿತ್ರಕಥೆಯಲ್ಲಿದ್ದ ಕೆಲವು ದೃಶ್ಯಗಳಿಗೆ ಸಂಸ್ಥೆ ತಕರಾರು ಮಾಡಿತ್ತು. ವಿಚಾರಣೆಯಲ್ಲಿ ನಾಯಿ ಛೂ ಬಿಡುವುದು, ಇಸ್ಲಾಮಾಬಾದ್‌ನ ಪಾರ್ಟಿಯೊಂದರಲ್ಲಿ ಕುಡಿದ ಅಧಿಕಾರಿ ಮಹಡಿ ಮೇಲಿಂದ ಎಕೆ-47 ಹಾರಿಸುವುದು ಇಂಥವು. ಅವು ಚಿತ್ರದಲ್ಲಿ ಬರಲಿಲ್ಲ. ಸಂಸ್ಥೆ ತನ್ನ ಮರ್ಯಾದೆ ನೋಡಿಕೊಂಡಿತು, ಚಿತ್ರತಂಡಕ್ಕೆ ‘ಒಳಗಿನ ಮಾಹಿತಿ’ ಎಂಬ ಹೆಸರು ಸಿಕ್ಕಿತು. ನೈಜತೆ ಹೀಗೂ ತಯಾರಾಗುತ್ತದೆ.

ಕಪ್ಪು ಪರದೆಯ ಮೇಲಿನ ನಿಜ ಧ್ವನಿಯನ್ನು ನೆನಪಿಟ್ಟುಕೊಂಡು ನಮ್ಮ ‘ಧುರಂಧರ್’ ಚಿತ್ರಕ್ಕೆ ಬನ್ನಿ. 2025ರ ಡಿಸೆಂಬರ್ 5ರಂದು ಬಿಡುಗಡೆಯಾದ, ಮೂರೂವರೆ ಗಂಟೆಯ ಚಿತ್ರ. ಅದರಲ್ಲೂ ಅಂಥದೇ ಒಂದು ಘಳಿಗೆಯಿದೆ. ಪರದೆ ಕೆಂಪಾಗುತ್ತದೆ. 2008ರ ಮುಂಬೈ ದಾಳಿಯ ಹೊತ್ತಿನಲ್ಲಿ ಉಗ್ರರಿಗೂ ಪಾಕಿಸ್ತಾನದಲ್ಲಿ ಕೂತು ಆದೇಶ ಕೊಡುತ್ತಿದ್ದವರಿಗೂ ನಡೆದ ನಿಜವಾದ ಫೋನ್ ಮಾತು ಕೇಳುತ್ತದೆ. ಥಿಯೇಟರ್ ನಿಶ್ಶಬ್ದವಾಗುತ್ತದೆ. ಆಗಲೇಬೇಕು. ಆ ಧ್ವನಿ ಕೇಳಿ ರಕ್ತ ಕುದಿಯದವರು ಯಾರು?

ಆದರೆ ಆ ಧ್ವನಿ ಒಂದು ಅಡ್ವಾನ್ಸ್ ಇದ್ದ ಹಾಗೆ. ಅದನ್ನು ಪಡೆದ ಮೇಲೆ ಅಕ್ಕಪಕ್ಕ ಬರುವ ಎಲ್ಲವನ್ನೂ ನಾವು ಸಾಲದ ಮೇಲೆ ನಂಬುತ್ತೇವೆ. ಪಾಕಿಸ್ತಾನಕ್ಕೆ ಹೋದ ಭಾರತದ ಬೇಹುಗಾರನಾದ ನಾಯಕ ಹಮ್ಝಾ ಕಲ್ಪನೆಯ ಪಾತ್ರ. ಅವನು ಸೇರಿಕೊಳ್ಳುವ ಗ್ಯಾಂಗಿನ ಮುಖಂಡ ರೆಹಮಾನ್ ಡಕಾಯಿತ್ ನಿಜವಾಗಿ ಇದ್ದವನು. 2009ರ ಆಗಸ್ಟ್‌ನಲ್ಲಿ ಕರಾಚಿ ಪೊಲೀಸರ ಎನ್‌ಕೌಂಟರ್‌ನಲ್ಲಿ ಸತ್ತ. ಪೊಲೀಸ್ ಅಧಿಕಾರಿ ಚೌಧರಿ ಅಸ್ಲಂ ಕೂಡ ನಿಜ. 2014ರ ಜನವರಿಯಲ್ಲಿ ಬಾಂಬ್ ದಾಳಿಗೆ ಬಲಿಯಾದವರು. ಕರಾಚಿಯ ಲಿಯಾರಿ ಎಂಬ ಬಡಾವಣೆ ನಿಜ, ಚಿತ್ರದ ಲಿಯಾರಿ ಥಾಯ್ಲೆಂಡ್‌ನಲ್ಲಿ ಹಾಕಿದ ಸೆಟ್. ನಿಜ ಹೆಸರು, ನಿಜ ತಾರೀಕು, ನಿಜ ಧ್ವನಿಗಳ ನಡುವೆ ಕಲ್ಪನೆಯ ಒಬ್ಬ ಮನುಷ್ಯ ಓಡಾಡುತ್ತಾನೆ. ಅವನು ಮುಟ್ಟಿದ್ದೆಲ್ಲ ಅವನದೇ ಕೆಲಸ ಆಗುತ್ತದೆ.

ಲಿಯಾರಿಯ ಗ್ಯಾಂಗ್ ಜಗಳಗಳಿಗೆ ಬೇರುಗಳು ಅಲ್ಲೇ ಇವೆ. ಮಾದಕ ವಸ್ತುವಿನ ವ್ಯಾಪಾರ, ಸುಲಿಗೆ, ಬಡ ಬಲೂಚ್ ಮೊಹಲ್ಲಾಗಳು, ವೋಟಿಗಾಗಿ ಗೂಂಡಾಗಳನ್ನು ಸಾಕಿದ ರಾಜಕಾರಣಿಗಳು. ಫುಟ್‌ಬಾಲ್ ಮತ್ತು ಬಾಕ್ಸಿಂಗ್ ಹುಚ್ಚಿನ ಊರದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಪಾಕಿಸ್ತಾನಿ ಬಾಕ್ಸರ್ ಹುಸೇನ್ ಶಾ ಅಲ್ಲಿಯವರು. ಇದಕ್ಕೆಲ್ಲ ಚಿತ್ರದಲ್ಲಿ ಜಾಗ ಇರಬೇಕಿತ್ತು ಎಂದು ನಾನು ಹೇಳುತ್ತಿಲ್ಲ, ಅದು ಸಾಕ್ಷ್ಯಚಿತ್ರ ಅಲ್ಲ. ಚಿತ್ರಕ್ಕೆ ಒಂದು ದೊಡ್ಡ ಗುಣವೂ ಇದೆ. ಬೇಹುಗಾರ ವರ್ಷಗಟ್ಟಲೆ ಕಾಯಬೇಕು, ತನ್ನ ಶತ್ರುವಿನ ಮನೆಯ ಮಗನ ಹಾಗೆ ಬದುಕಬೇಕು ಎನ್ನುವುದನ್ನು ನಮ್ಮ ಉಳಿದ ಅಬ್ಬರದ ಚಿತ್ರಗಳಿಗಿಂತ ತಾಳ್ಮೆಯಿಂದ ತೋರಿಸಿದೆ. ಅಕ್ಷಯ್ ಖನ್ನಾರ ರೆಹಮಾನ್ ಪಾತ್ರ ಎಷ್ಟು ಗಟ್ಟಿಯಾಗಿದೆಯೆಂದರೆ ಖಳನಾಯಕನ ಎಂಟ್ರಿಯ ಕುಣಿತವೇ ದೇಶವೆಲ್ಲ ರೀಲ್ಸ್ ಆಯಿತು. ಕಥೆ ಹೇಳುವುದು ಗೊತ್ತಿರುವವರು ಮಾಡಿದ ಚಿತ್ರ. ಅದಕ್ಕೇ ಅದು ಹೇಳುವ ಕಾರಣಗಳೂ ಗಟ್ಟಿಯಾಗಿ ತಲೆಯಲ್ಲಿ ಕೂರುತ್ತವೆ. ಸಿಂಧ್ ಸರ್ಕಾರ ಇದಕ್ಕೆ ಉತ್ತರವಾಗಿ ತಾನೇ ಲಿಯಾರಿ ಮೇಲೆ ಒಂದು ಸಿನಿಮಾ ಘೋಷಿಸಿತು. ಸಿನಿಮಾಕ್ಕೆ ಸಿನಿಮಾ, ಸರಿ ಹೋಯ್ತು.

ಬಿಡುಗಡೆಗೆ ಮೊದಲು ದೆಹಲಿ ಹೈಕೋರ್ಟ್‌ನಲ್ಲಿ ನಡೆದದ್ದು ಇನ್ನೂ ಕುತೂಹಲದ್ದು. ಈ ಚಿತ್ರ ತಮ್ಮ ಮಗನ ಬದುಕಿನದು ಎಂದು, 2009ರಲ್ಲಿ ಕುಪ್ವಾರಾದಲ್ಲಿ ಹುತಾತ್ಮರಾದ ಅಶೋಕ ಚಕ್ರ ಪುರಸ್ಕೃತ ಮೇಜರ್ ಮೋಹಿತ್ ಶರ್ಮಾ ಅವರ ತಂದೆತಾಯಿ ಕೋರ್ಟಿಗೆ ಹೋದರು. ಸೆನ್ಸಾರ್ ಮಂಡಳಿ ನೋಡಿ ತೀರ್ಮಾನಿಸಲಿ ಎಂದು ಕೋರ್ಟ್ ಹೇಳಿತು. ಇದು ಕಾಲ್ಪನಿಕ ಕಥೆ, ಆ ಅಧಿಕಾರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಮಂಡಳಿ ಹೇಳಿತು. ಕೋರ್ಟಿಗೆ ಕಲ್ಪನೆ, ಪೋಸ್ಟರಿಗೆ ನೈಜ ಪ್ರೇರಣೆ. ಎರಡೂ ಒಂದೇ ಚಿತ್ರ.

ಈ ಎರಡು ನಾಲಿಗೆಯ ಆಟ ಹಳೆಯದು. 1932ರಲ್ಲಿ ಹಾಲಿವುಡ್‌ನ ಎಂಜಿಎಂ ಕಂಪನಿ, ರಷ್ಯಾದ ದೊರೆಯ ಅರಮನೆಯಲ್ಲಿ ಪ್ರಭಾವಿಯಾಗಿದ್ದ ಸಾಧು ರಾಸ್ಪುಟಿನ್ ಕುರಿತ ಒಂದು ಚಿತ್ರ ಮಾಡಿತು. ಇದರ ಕೆಲವು ಪಾತ್ರಗಳು ಇನ್ನೂ ಬದುಕಿದ್ದಾರೆ ಎಂದು ಶುರುವಿನಲ್ಲೇ ಜಂಬದಿಂದ ಹೇಳಿಕೊಂಡಿತು. ಬದುಕಿದ್ದವರಲ್ಲಿ ಒಬ್ಬಾಕೆ, ರಾಸ್ಪುಟಿನ್‌ನನ್ನು ಕೊಂದವರಲ್ಲಿ ಒಬ್ಬನಾದ ರಾಜಕುಮಾರ ಯೂಸುಪೋವ್‌ನ ಹೆಂಡತಿ ಇರಿನಾ, ಲಂಡನ್‌ನಲ್ಲಿ ಮಾನನಷ್ಟ ದಾವೆ ಹೂಡಿದರು. 1934ರಲ್ಲಿ 25,000 ಪೌಂಡ್ ಪರಿಹಾರ ಸಿಕ್ಕಿತು. ‘ಈ ಚಿತ್ರದ ಪಾತ್ರಗಳೆಲ್ಲ ಕಾಲ್ಪನಿಕ’ ಎಂದು ನಾವು ಇಂದಿಗೂ ಓದುವ ಸಾಲು ಸಿನಿಮಾ ಲೋಕದಲ್ಲಿ ರೂಢಿಗೆ ಬಂದದ್ದು ಆ ಕೇಸಿನ ನಂತರ. ನಿಜ ಎಂದು ಹೇಳಿ ಸಿಕ್ಕಿಬಿದ್ದವರ ರಕ್ಷಣೆಗೆ ಹುಟ್ಟಿದ ಸಾಲು ಅದು.

ಈಗ ಹಿಂದೆ ಬಿಟ್ಟ ಮಾತಿಗೆ ಬರೋಣ. ಅಮೆರಿಕದಲ್ಲಿ ಇಂಥ ಚಿತ್ರ ಬಂದರೆ ಯಾರೋ ಒಬ್ಬರು ಕಡತ ತೆಗೆದು ‘ಇಲ್ಲಿ ಸುಳ್ಳಿದೆ’ ಎನ್ನಬಹುದು. ನಮ್ಮಲ್ಲಿ? ಮಾಹಿತಿ ಹಕ್ಕು ಕಾಯ್ದೆ 2005ರ 24ನೇ ಸೆಕ್ಷನ್ ಪ್ರಕಾರ ನಮ್ಮ ಗುಪ್ತಚರ ಸಂಸ್ಥೆಗಳಾದ ರಾ ಮತ್ತು ಐಬಿ ಆ ಕಾಯ್ದೆಯ ಹೊರಗಿವೆ. ಭ್ರಷ್ಟಾಚಾರ, ಮಾನವ ಹಕ್ಕುಗಳ ದೂರು ಬಿಟ್ಟರೆ ಬೇರೇನನ್ನೂ ಕೇಳುವಂತಿಲ್ಲ. ರಾದಲ್ಲಿ ಕೆಲಸ ಮಾಡಿದ್ದ ಮೇಜರ್ ಜನರಲ್ ವಿ.ಕೆ. ಸಿಂಗ್ 2007ರಲ್ಲಿ ಸಂಸ್ಥೆಯ ಹುಳುಕುಗಳ ಬಗ್ಗೆ ಪುಸ್ತಕ ಬರೆದಾಗ ಸಿಬಿಐ ಅವರ ಮೇಲೆ 1923ರ ಅಧಿಕೃತ ರಹಸ್ಯ ಕಾಯ್ದೆಯಡಿ ಕೇಸು ಹಾಕಿತು. 2021ರ ಪಿಂಚಣಿ ನಿಯಮದ ತಿದ್ದುಪಡಿ ಬಂದ ಮೇಲಂತೂ ಗುಪ್ತಚರ ಸಂಸ್ಥೆಗಳಿಂದ ನಿವೃತ್ತರಾದವರು ತಮ್ಮ ಕೆಲಸದ ಕ್ಷೇತ್ರದ ಬಗ್ಗೆ ಬರೆಯಲು ಮೊದಲೇ ಅನುಮತಿ ಪಡೆಯಬೇಕು, ತಪ್ಪಿದರೆ ಪಿಂಚಣಿಗೇ ಕುತ್ತು. ಘಾಜಿ ಮುಳುಗಿದ್ದಕ್ಕೆ ಸಂಬಂಧಿಸಿದ ನೌಕಾಪಡೆಯ ದಾಖಲೆಗಳು ನಾಶವಾಗಿವೆ ಎಂದು 2010ರಲ್ಲಿ ಪತ್ರಿಕೆಗಳು ವರದಿ ಮಾಡಿದವು.

ಅಂದರೆ ಬೇಹುಗಾರಿಕೆಯ ಬಗ್ಗೆ ಗೊತ್ತಿರುವವರು ಬರೆಯುವಂತಿಲ್ಲ, ಗೊತ್ತಿಲ್ಲದವರು ಮೂರೂವರೆ ಗಂಟೆ ತೋರಿಸಬಹುದು. ‘ರಾಝಿ’ಯ ಮೂಲ ಕಾದಂಬರಿ ಬರೆದ ಹರಿಂದರ್ ಸಿಕ್ಕಾ ತಮ್ಮ ನಾಯಕಿ ನಿಜವಾಗಿ ಇದ್ದವಳು ಎನ್ನುತ್ತಾರೆ. ಇರಬಹುದು. ಅದನ್ನು ಹೌದು ಎನ್ನುವ, ಅಲ್ಲ ಎನ್ನುವ ಒಂದೂ ಸರ್ಕಾರಿ ಕಾಗದ ಹೊರಗಿಲ್ಲ. ಇಂಥ ಕಡೆ ಬರಹಗಾರನನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಬಾಗಿಲು ಹಾಕಿಕೊಂಡು ಕೂತ ಸರ್ಕಾರಕ್ಕೆ ಹೊರಗೆ ಓಡಾಡುವ ಕಥೆ ಹಿತವಾಗಿದ್ದರೆ ಅದು ಬಾಯಿಯನ್ನೇ ಬಿಡುವುದಿಲ್ಲ ಎನ್ನುವುದು ನನ್ನ ಅನುಮಾನ. ಸೋಲಿನ, ಸಿಕ್ಕಿಬಿದ್ದವರ, ಜೈಲಿನಲ್ಲಿ ಕೊಳೆತ ಮೇಲೆ ‘ಇವರು ನಮ್ಮವರಲ್ಲ’ ಎನ್ನಿಸಿಕೊಂಡವರ ಕಥೆಗಳು ಅದಕ್ಕೇ ಅಪರೂಪ.

ನಮ್ಮ ಕನ್ನಡದ ಗೂಢಚಾರ ಈ ವಿಷಯದಲ್ಲಿ ಪ್ರಾಮಾಣಿಕ. 1968ರ ‘ಜೇಡರ ಬಲೆ’ಯಿಂದ ಶುರುವಾಗಿ ರಾಜ್‌ಕುಮಾರ್ ಸಿಐಡಿ 999 ಆಗಿ ಬಂದಾಗ ದೊರೈ-ಭಗವಾನ್ ಯಾವ ನೈಜ ಘಟನೆಯ ಹಂಗಿಗೂ ಬೀಳಲಿಲ್ಲ. ಸುಮ್ನೆ ಮಜಾ. ಆದರೂ ಒಂದು ತಮಾಷೆ ಇದೆ. ಆ ಸರಣಿಯ 1969ರ ಚಿತ್ರದ ಹೆಸರು ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಎರಡು ವರ್ಷ ಕಳೆದು, 1971ರ ಆಗಸ್ಟ್ 15ರ ರಾತ್ರಿ, ಭಾರತದ ನೌಕಾಪಡೆ ಪ್ಲಾಸಿಯಲ್ಲಿ ತರಬೇತಿ ಕೊಟ್ಟಿದ್ದ ಬಂಗಾಳಿ ಹುಡುಗರು ಚಿತ್ತಗಾಂಗ್, ಮೊಂಗ್ಲಾ, ಚಾಂದ್‌ಪುರ, ನಾರಾಯಣಗಂಜ್ ಬಂದರುಗಳಲ್ಲಿ ಈಜಿಕೊಂಡು ಹೋಗಿ ಹಡಗುಗಳಿಗೆ ಸಿಡಿಮದ್ದು ಅಂಟಿಸಿದರಲ್ಲ, ಆ ನಿಜವಾದ ಕಾರ್ಯಾಚರಣೆಯ ಹೆಸರೂ ಆಪರೇಷನ್ ಜಾಕ್‌ಪಾಟ್. ಹೊರಡಿ ಎಂಬ ಸೂಚನೆ ಅವರಿಗೆ ಸಿಕ್ಕಿದ್ದು ಕಲ್ಕತ್ತಾ ಆಕಾಶವಾಣಿಯ ಎರಡು ಹಾಡುಗಳಿಂದ. ಎರಡನೆಯದು, ನನ್ನ ಗೊಂಬೆ ಇವತ್ತು ಮೊದಲ ಸಲ ಗಂಡನ ಮನೆಗೆ ಹೋಗುತ್ತಿದೆ ಎನ್ನುವ ಹಾಡು. ಕಥೆಗಾರನೊಬ್ಬ ಇದನ್ನು ಬರೆದು ತಂದಿದ್ದರೆ ನಿರ್ಮಾಪಕರು ‘ಸ್ವಲ್ಪ ಅತಿಯಾಯ್ತು ಅಲ್ವಾ?’ ಎನ್ನುತ್ತಿದ್ದರು.

ಘಟನೆಗೂ ಚಿತ್ರಕ್ಕೂ ನಡುವಿನ ಅಂತರವೂ ಈಗ ಉಳಿದಿಲ್ಲ. ಟೆಹರಾನ್ ಕಥೆ ತೆರೆಗೆ ಬರಲು 32 ವರ್ಷ ಬೇಕಾಯಿತು. ಉರಿ ದಾಳಿಯ ನಂತರದ ಸರ್ಜಿಕಲ್ ಸ್ಟ್ರೈಕ್ ನಡೆದದ್ದು 2016ರ ಸೆಪ್ಟೆಂಬರ್, ಚಿತ್ರ ಬಂದದ್ದು 2019ರ ಜನವರಿ. 2025ರ ಮೇ 7ರಂದು ಆಪರೇಷನ್ ಸಿಂಧೂರ ಶುರುವಾದಾಗ, ಗಡಿಯಲ್ಲಿ ಶೆಲ್ ಬೀಳುತ್ತಿರುವಾಗಲೇ ಮುಂಬೈನಲ್ಲಿ ಆ ಟೈಟಲ್‌ಗೆ ಹತ್ತಾರು ಅರ್ಜಿಗಳು ಬಿದ್ದವು. ಎರಡು ದಿನದಲ್ಲಿ ಒಂದು ಚಿತ್ರದ ಪೋಸ್ಟರೂ ಬಂತು. ಜನ ಉಗಿದ ಮೇಲೆ ನಿರ್ದೇಶಕರು ಕ್ಷಮೆ ಕೇಳಿದರು.

ರಕ್ಷಣಾ ಸಚಿವಾಲಯದ 2021ರ ನೀತಿಯೊಂದಿದೆ. ಕಾರ್ಯಾಚರಣೆ ಮುಗಿದ ಎರಡು ವರ್ಷದಲ್ಲಿ ಸಮಿತಿ ಮಾಡಬೇಕು, ಆಮೇಲಿನ ಮೂರು ವರ್ಷದಲ್ಲಿ ಅದರ ಇತಿಹಾಸ ಬರೆದು ಮುಗಿಸಬೇಕು. ಗುಪ್ತಚರ ಸಂಸ್ಥೆಗಳ ಕಡತಕ್ಕೆ ಇದು ತಾಗುವುದಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಆ ಲೆಕ್ಕದಲ್ಲಿ ಸಿಂಧೂರದ ಅಧಿಕೃತ ಕಥೆ 2030ರ ಹೊತ್ತಿಗೆ ಸಿದ್ಧವಾಗಬೇಕು. ಆದರೆ ಕಾರ್ಯಾಚರಣೆ ಮುಗಿದಿಲ್ಲ, ಸದ್ಯಕ್ಕೆ ನಿಲ್ಲಿಸಿದ್ದೇವೆ ಎಂದು ಸರ್ಕಾರ ಹೇಳಿರುವುದರಿಂದ ಆ ಐದು ವರ್ಷದ ಎಣಿಕೆ ಶುರುವಾಗಿದೆಯೋ ಇಲ್ಲವೋ ಎಂದು ಸಚಿವಾಲಯವೇ ಹೇಳಬೇಕು. ನಿರ್ಮಾಪಕರು ಅಷ್ಟು ದಿನ ಕಾಯುವ ಲಕ್ಷಣ ಕಾಣುತ್ತಿಲ್ಲ.